ಮೂವತ್ತೊಂದನೇ ಪುಟದ ಹೆಂಡತಿ

ಡಿಸೆಂಬರ್ ಬಂತೆಂದರೆ ಊರಿಗೆಲ್ಲ ಕ್ರಿಸ್‌ಮಸ್ ನೆನಪಾಗುತ್ತದೆ, ಲವೋನಳಿಗೆ ಗ್ರಂಥಾಲಯದ ಓದಿನ ಪಂದ್ಯ ನೆನಪಾಗುತ್ತದೆ. ಮಿನೆಸೋಟದ ಉತ್ತರದ ಆ ಪುಟ್ಟ ಊರಲ್ಲಿ ನವೆಂಬರಿಗೆ ಕಲ್ಲಾದ ಕೆರೆ ಮತ್ತೆ ನೀರಾಗುವುದು ಏಪ್ರಿಲಿಗೆ. ಅಲ್ಲಿಯವರೆಗೆ ಮನುಷ್ಯರಾದವರು ಮಾಡಬಹುದಾದ ಕೆಲಸ ಎರಡೇ. ಕೆರೆಯ ಮೇಲೆ ಡಬ್ಬಿಯಂಥ ಗುಡಿಸಲೊಂದನ್ನು ಎಳೆದುಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಮೀನು ಬಂದೇ ಬರುತ್ತದೆಂದು ನಂಬಿ ಕೂರುವುದು ಒಂದು. ಮನೆಯೊಳಗೆ ಬೆಚ್ಚಗೆ ಓದುತ್ತ ಕೂರುವುದು ಇನ್ನೊಂದು. ಲವೋನಳ ಗಂಡ ಆರ್ವಿಡ್ ಮೊದಲ ಜಾತಿ, ಲವೋನ್ ಎರಡನೇ ಜಾತಿ. ಇವರ ಸಂಸಾರ ಇಷ್ಟು ಕಾಲ ಗಟ್ಟಿಯಾಗಿ ನಿಂತಿರುವುದೇ ಹೀಗೆ ಬೇರೆ ಬೇರೆ ಕಡೆ ಕೂರುವುದರಿಂದ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪಂದ್ಯ ಗೆದ್ದವರಿಗೆ ಗೂಬೆಯ ಚಿತ್ರವಿರುವ ಕಾಫಿ ಮಗ್ಗು ಕೊಡುತ್ತಾರೆ. ಅಂಥ ಗೂಬೆಗಳು ಲವೋನಳ ಅಡುಗೆಮನೆಯ ಕಿಟಕಿಯುದ್ದಕ್ಕೂ ಸಾಲಾಗಿ ಕೂತು, ಬಂದವರನ್ನೆಲ್ಲ ಕಣ್ಣು ಕಿಸಿದುಕೊಂಡು ನೋಡುತ್ತಿದ್ದವು. ಗೆಲ್ಲುವುದಕ್ಕೆ ಅವಳು ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ, ಪುಸ್ತಕಗಳ ಗುಡ್ಡೆ. ದಪ್ಪನೆಯವು ಜನವರಿಗೆ, ತೆಳ್ಳನೆಯವು ಫೆಬ್ರವರಿಯ ಕೊನೆಯ ಓಟಕ್ಕೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಪಕ್ಕದಲ್ಲಿ ಮೀಸಲು ಪಡೆ. ಮುಂದೇನು ಓದುವುದೆಂದು ಅವಳಿಗೆ ಆಗಸ್ಟ್‌ವರೆಗೆ ಗೊತ್ತು. ರಾತ್ರಿಗೇನು ಅಡುಗೆ ಎಂಬುದು ಮಾತ್ರ ಸಂಜೆಯಾದರೂ ಗೊತ್ತಿರುತ್ತಿರಲಿಲ್ಲ.

ಪಂದ್ಯದ ಕಾರ್ಡಿನ ತುಂಬ ಚೌಕಗಳು. ಹಳದಿ ರಟ್ಟಿನ ಪುಸ್ತಕ, ನಾಯಿ ಸಾಯದ ಪುಸ್ತಕ, ಅಜ್ಜಿಯೇ ನಾಯಕಿಯಾದ ಪುಸ್ತಕ, ಹೀಗೆ. ಒಂದೊಂದು ಓದಿ ಮುಗಿಸಿದಾಗಲೂ ಗ್ರಂಥಪಾಲಕಿ ಮಾರ್ಲಿಸ್‌ಳ ಮುಂದೆ ನಿಂತು ಆ ಪುಸ್ತಕದ ಬಗ್ಗೆ ಎರಡು ಮಾತು ಹೇಳಬೇಕು, ಆಮೇಲೆ ಅವಳು ಚೌಕಕ್ಕೆ ಮುದ್ರೆ ಒತ್ತುತ್ತಾಳೆ. ಕಾರ್ಡು ಭರ್ತಿಯಾದವರಲ್ಲಿ ಹೆಚ್ಚು ಪುಸ್ತಕ ಓದಿದವರದೇ ಗೆಲುವು. ಇರ್ಮಾ ಎಂಬ ನಿವೃತ್ತ ಟೀಚರು ಒಂದು ವರ್ಷ ಮಕ್ಕಳ ಚಿತ್ರಪುಸ್ತಕಗಳನ್ನು ಎಣಿಕೆಗೆ ಸೇರಿಸಿದ್ದನ್ನು ಲವೋನ್ ಹಿಡಿದುಹಾಕಿ, ನಾಲ್ಕು ಜನರ ಮುಂದೆ ಮಾನ ಕಳೆದಿದ್ದಳು. ಓದಿನ ವಿಷಯದಲ್ಲಿ ಮೋಸ ಮಾಡುವವರು ಚರ್ಚಿನ ಹುಂಡಿಗೂ ಕೈ ಹಾಕುವವರೇ ಎಂಬುದು ಆಗ ಅವಳಾಡಿದ ಮಾತು.

ಈ ವರ್ಷದ ಕಾರ್ಡಿನಲ್ಲಿ ನಟ್ಟನಡುವೆ ಒಂದು ಹೊಸ ಚೌಕ ಬಂತು: ನಮ್ಮೂರಿನವರು ಬರೆದ ಪುಸ್ತಕ.

ಊರಲ್ಲಿ ಪುಸ್ತಕ ಬರೆದ ಪ್ರಾಣಿ ಒಂದೇ ಒಂದು. ಅದು ಆರ್ವಿಡ್. ಜೀವಮಾನವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದ ಮೇಲೆ, ಕೈ ಸುಮ್ಮನಿರದೆ ‘ಒಂಟಿ ಗಾಳ’ ಎಂಬ ಕಾದಂಬರಿ ಬರೆದು, ತಾನೇ ಅಚ್ಚು ಹಾಕಿಸಿದ್ದ. ಅಚ್ಚಾದ ಪ್ರತಿಗಳು ಆರು ವರ್ಷದಿಂದ ಗ್ಯಾರೇಜಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಇಲಿಗಳ ವಿದ್ಯಾಭ್ಯಾಸಕ್ಕೆ ಒದಗಿದ್ದವು. ಈಗ ಇದ್ದಕ್ಕಿದ್ದಂತೆ ಊರಿಗೆ ಊರೇ ಆ ಪುಸ್ತಕ ಕೊಡಿ ಎಂದು ಬಾಗಿಲು ಬಡಿಯತೊಡಗಿತು. ಆರ್ವಿಡ್ ಗಡ್ಡ ಬೋಳಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಮೀನು ಹಿಡಿಯಲು ಹೋಗತೊಡಗಿದ.

ಲವೋನ್ ಪಂದ್ಯದ ಮೊದಲ ದಿನವೇ ಹೋಗಿ ಆ ಚೌಕಕ್ಕೆ ಮುದ್ರೆ ಒತ್ತಿಸಿಕೊಂಡಳು. “ನಿನ್ನನ್ನೇನೇ ಕೇಳೋದು? ಬರೆದೋನ ಜೊತೇಲೇ ಬಾಳ್ವೆ ಮಾಡ್ತಿದೀಯ” ಎಂದು ಮಾರ್ಲಿಸ್ ಎರಡು ಮಾತನ್ನೂ ಕೇಳದೆ ಒತ್ತಿಬಿಟ್ಟಳು.

ಕೇಳಿದ್ದರೆ ಲವೋನಳಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಆ ಪುಸ್ತಕವನ್ನು ಅವಳು ಓದಿಯೇ ಇರಲಿಲ್ಲ. ಬರೆಯುವಾಗ ಆರ್ವಿಡ್ ತಂದುಕೊಟ್ಟ ಕರಡನ್ನು ಒಮ್ಮೆ ತೆರೆದಿದ್ದಳು. ಮೊದಲ ಮೂರು ಪುಟವಿಡೀ ಲಾರಿಯ ಇಂಜಿನ್ನಿನ ವರ್ಣನೆ. ಮುಚ್ಚಿಟ್ಟು, ಎರಡು ದಿನ ಬಿಟ್ಟು “ತುಂಬಾ ಚೆನ್ನಾಗಿದೆ ಕಣೋ” ಎಂದಿದ್ದಳು. ಒಂದು ಸಲ ಅಂದ ಮೇಲೆ ಮುಗಿಯಿತಲ್ಲ, ಆಮೇಲೆ ಬಂದ ಕರಡುಗಳಿಗೂ ಅದೇ ಮಾತು. ಅಚ್ಚಾದಾಗ ಓದುಗರ ಜಾಲತಾಣದಲ್ಲಿ ತನ್ನ ಹೆಸರು ಹಾಕಿಯೇ ಐದಕ್ಕೆ ಐದು ನಕ್ಷತ್ರ ಕೊಟ್ಟು, ‘ಮೀನಿನ ಭಾಗಗಳಂತೂ ಅದ್ಭುತ’ ಎಂದು ಬರೆದಿದ್ದಳು. ಗಾಳ ಎಂದ ಮೇಲೆ ಮೀನು ಇರಲೇಬೇಕು ಎಂಬುದು ಅವಳ ಲೆಕ್ಕ.

ಜನವರಿಯ ನಡುವಿನಲ್ಲಿ ಎದುರುಮನೆಯಾಕೆ ಬಿಸಿಬಿಸಿ ಹಾಟ್‌ಡಿಶ್ ತಂದುಕೊಟ್ಟಳು. ಆ ಊರಲ್ಲಿ ಮಾಂಸದ ಮೇಲೆ ಆಲೂಗಡ್ಡೆ ಉಂಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್ ಕರೆಯದೆ ಮನೆಗೆ ಬಂತೆಂದರೆ ಯಾರೋ ಸತ್ತಿದ್ದಾರೆಂದೇ ಅರ್ಥ.

“ಯಾರು ಹೋದ್ರೇ?” ಎಂದಳು ಲವೋನ್.

“ಯಾರೂ ಇಲ್ಲಪ್ಪ. ನೀನು ಚೆನ್ನಾಗಿದೀಯಲ್ಲ, ಅಷ್ಟು ಸಾಕು” ಎಂದು ಆಕೆ ಕೈ ಹಿಸುಕಿ, ಒಳಗೆ ಆರ್ವಿಡ್ ಕೆಮ್ಮಿದ್ದು ಕೇಳಿ ಸರಸರ ಮೆಟ್ಟಿಲಿಳಿದಳು.

ಆ ವಾರವೇ ಇನ್ನೆರಡು ಹಾಟ್‌ಡಿಶ್ ಬಂದವು. ಅಡುಗೆಯ ತಾಪತ್ರಯ ತಪ್ಪಿತೆಂದು ಲವೋನ್ ಮೊದಮೊದಲು ಖುಷಿಪಟ್ಟಳು. ಆದರೆ ಭಾನುವಾರ ಪಾದ್ರಿಗಳು ಅವಳನ್ನು ಪಕ್ಕಕ್ಕೆ ಕರೆದು, “ಮನೇಲಿ ಎಲ್ಲಾ ಸರಿಯಾಗಿದೆ ತಾನೇ? ಏನಾದ್ರೂ ಇದ್ರೆ ಹೇಳ್ಕೋಬೇಕು ಲವೋನ್, ಮನಸ್ಸಲ್ಲಿಟ್ಕೊಂಡು ಕೊರಗಬಾರದು” ಎಂದಾಗ ಆ ಖುಷಿ ಇಳಿಯಿತು. ಊರೆಲ್ಲ ಓದಿದ ಪುಸ್ತಕದಲ್ಲಿ ಏನೋ ಇದೆ, ಆ ಏನೋ ತನ್ನ ಬಗ್ಗೆಯೇ ಇದೆ, ಅದು ಗೊತ್ತಿಲ್ಲದವಳು ಊರಲ್ಲಿ ತಾನೊಬ್ಬಳೇ ಎಂದು ಆಗ ಹೊಳೆಯಿತು.

ಮನೆಗೆ ಬಂದವಳೇ ಗ್ಯಾರೇಜಿಗೆ ನುಗ್ಗಿದಳು. ಪೆಟ್ಟಿಗೆಗಳೆಲ್ಲ ಖಾಲಿ. ಗ್ರಂಥಾಲಯದ ಪ್ರತಿಗಳಿಗೆ ಊರುದ್ದದ ಸರದಿ. ತನಗೆಂದು ಆರ್ವಿಡ್ ಕೊಟ್ಟಿದ್ದ ಪ್ರತಿ ಎಲ್ಲಿ ಎಂದು ಕಪಾಟುಗಳನ್ನೆಲ್ಲ ಜಾಲಾಡಿದಳು, ಸಿಗಲಿಲ್ಲ. ಗಂಡನನ್ನು ಕೇಳುವಂತಿರಲಿಲ್ಲ.

ಮುಂದಿನ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಇರ್ಮಾಳ ಪಕ್ಕಕ್ಕೆ ಹೋಗಿ ಕೂತಳು. ಸುಮ್ಮನೆ ಕೇಳುವವಳಂತೆ, “ಆರ್ವಿಡ್‌ದು ಓದಿದ್ಯಂತೆ? ಮೀನಿನ ಭಾಗ ಹೇಗನ್ನಿಸ್ತು?” ಎಂದಳು.

ಇರ್ಮಾ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟಳು. “ಯಾವ ಮೀನು?”

“ಅದೇ... ಮೀನು.”

“ಲವೋನ್, ಆ ಪುಸ್ತಕದಲ್ಲಿ ಮೀನೇ ಇಲ್ಲ. ಇನ್ನೂರು ಪುಟ ಕೂತ್ರೂ ಆ ಪುಣ್ಯಾತ್ಮನಿಗೆ ಒಂದೂ ಸಿಗಲ್ಲ. ಅದೇ ಕಥೆ.” ಇರ್ಮಾಳ ಮುಖದಲ್ಲಿ ನಗು ನಿಧಾನವಾಗಿ ಹರಡಿತು. ಎಷ್ಟು ವರ್ಷದ ಬಾಕಿಯೋ ಏನೋ, ಅವಳು ಅದನ್ನು ಆತುರಪಡದೆ ಸವಿದಳು. “ಅಯ್ಯೋ ದೇವರೇ. ನೀನು ಓದೇ ಇಲ್ಲ.”

ಇರ್ಮಾ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದು ಅವಳ ಮಡಿಲಿಗೆ ಹಾಕಿದಳು. “ತಗೋ. ಹಳೆ ಸಾಮಾನಿನ ಮಾರಾಟದಲ್ಲಿ ಇಲ್ಲೇ ಸಿಕ್ಕಿದ್ದು. ನೇರ ಮೂವತ್ತೊಂದನೇ ಪುಟಕ್ಕೆ ಹೋಗು, ಅಲ್ಲೀವರೆಗೂ ಬರೀ ಇಂಜಿನ್ನು.”

ಮೊದಲ ಹಾಳೆಯಲ್ಲಿ ಆರ್ವಿಡ್‌ನ ದಪ್ಪ ಅಕ್ಷರಗಳಿದ್ದವು: ‘ಲವೋನಳಿಗೆ. ಮೊದಲು ಓದಿದವಳು ನೀನೇ.’ ಹೋದ ವಸಂತದಲ್ಲಿ ಕಪಾಟು ಖಾಲಿ ಮಾಡುವ ಭರದಲ್ಲಿ ಪೆಟ್ಟಿಗೆಗೆ ತುಂಬಿ ಚರ್ಚಿಗೆ ಸಾಗಹಾಕಿದ್ದು ತಾನೇ. ಅವಳಿಗೆ ನಾಚಿಕೆಯಾಯಿತು. ಯಾರೋ ನೋಡಿದರೆಂಬ ನಾಚಿಕೆಯಲ್ಲ, ನಿಜವಾದ ನಾಚಿಕೆ.

ಮನೆಯಲ್ಲಿ ಓದುವಂತಿರಲಿಲ್ಲ. ಅಂಗಡಿಗೆಂದು ಹೇಳಿ ಹೋಗಿ, ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಹೀಟರು ಹಾಕಿಕೊಂಡು ಓದತೊಡಗಿದಳು. ದಿನಕ್ಕೆರಡು ಪುಸ್ತಕ ಕಡಿದು ನುಂಗುವವಳಿಗೆ ಇದು ಗಂಟಲಿಗಿಳಿಯಲಿಲ್ಲ. ಇರ್ಮಾಳ ಮಾತು ಕೇಳದೆ, ಇಂಜಿನ್ನನ್ನೂ ಬಿಡದೆ, ಮೊದಲ ಸಾಲಿನಿಂದ ಓದಿದಳು. ಒಂದು ಸಾಲಿನಲ್ಲಿ ಹಿಮ ಬೀಳುತ್ತಿತ್ತು, ಮುಂದಿನ ಸಾಲಿನಲ್ಲೂ ಹಿಮವೇ ಬೀಳುತ್ತಿತ್ತು. ಮೂವತ್ತೊಂದನೇ ಪುಟಕ್ಕೆ ಬಂದಾಗ ಮಾತ್ರ ಅವಳು ನೆಟ್ಟಗೆ ಕೂತಳು.

ಏಪ್ರಿಲ್ ತಿಂಗಳು. ಗಂಡ ಹೆಂಡತಿ ಲಾರಿಯಲ್ಲಿ ಕೆರೆಯ ಮೇಲೆ ಬಂದಿದ್ದಾರೆ. ಗಂಡ ಕೆಳಗಿಳಿದಿದ್ದಾನೆ. ಹೆಂಡತಿ ಒಳಗೆ ಕೂತು ಓದುತ್ತಿದ್ದಾಳೆ. ಮಂಜುಗಡ್ಡೆ ಲಟಲಟ ಬಿರಿಯುತ್ತದೆ. ಇಳಿದು ಬಾ ಎಂದು ಗಂಡ ಕೂಗುತ್ತಾನೆ. ಹೆಂಡತಿ ತಲೆಯೆತ್ತದೆ, ‘ಇರು, ಈ ಪುಟ ಮುಗಿಸ್ತೀನಿ’ ಎನ್ನುತ್ತಾಳೆ. ಲಾರಿ ಮುಳುಗುತ್ತದೆ. ಗಂಡ ದಡಕ್ಕೆ ಬಂದು, ಜೇಬಿನಲ್ಲಿದ್ದ ಡೋನಟ್ ತೆಗೆದು ತಿನ್ನುತ್ತಾನೆ.

ಲವೋನ್ ಆ ಪುಟವನ್ನು ಮತ್ತೆ ಮತ್ತೆ ಓದಿದಳು. ಮೊದಲು ಮೈ ಉರಿಯಿತು. ಆಮೇಲೆ ನಗು ಬಂತು, ಕಾರಿನ ಗಾಜು ಮಸುಕಾಗುವಷ್ಟು ನಕ್ಕಳು. ಕೊನೆಗೆ ಅಳುವೂ ಬಂತು. ಇಡೀ ಊರು ಇದನ್ನೋದಿ ತನ್ನ ಬಾಗಿಲಿಗೆ ಸತ್ತವರ ಮನೆಯ ಅಡುಗೆ ಹೊತ್ತು ತಂದಿತ್ತಲ್ಲ. ಇಂಥದ್ದಕ್ಕೆ ‘ಮೀನಿನ ಭಾಗಗಳಂತೂ ಅದ್ಭುತ’ ಎಂದು ಐದು ನಕ್ಷತ್ರ ಕೊಟ್ಟ ಹೆಂಡತಿಯನ್ನು ಏನೆಂದುಕೊಂಡರೋ!

ಉಳಿದ ಪುಟಗಳನ್ನು ಮುಗಿಸುವ ಹೊತ್ತಿಗೆ ಪಂದ್ಯದ ಕೊನೆಯ ಶನಿವಾರ ಬಂದಿತ್ತು. ಗ್ರಂಥಾಲಯ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಹೋದಾಗ ಇರ್ಮಾ ಆಗಲೇ ಮಾರ್ಲಿಸ್‌ಳ ಮೇಜಿನ ಪಕ್ಕ ನಿಂತಿದ್ದಳು. ಇಬ್ಬರ ಕಾರ್ಡುಗಳೂ ಭರ್ತಿ. ಇರ್ಮಾ ಚಾಡಿ ಹೇಳಿರಲಿಲ್ಲ. ಹೇಳಿದ್ದರೆ ಲವೋನಳಿಗೆ ಎಷ್ಟೋ ಸುಲಭವಾಗುತ್ತಿತ್ತು.

“ಆ ನಡುವಿನ ಮುದ್ರೆ ಸುಳ್ಳು” ಎಂದಳು ಲವೋನ್. “ಆಗ ಓದಿರಲಿಲ್ಲ. ಇವತ್ತು ಮುಗಿಸ್ದೆ.”

ಮಾರ್ಲಿಸ್ ಕನ್ನಡಕ ಕೆಳಗಿಳಿಸಿ ನೋಡಿದಳು. “ಮುಗಿಸಿದೀಯಲ್ಲ, ಇನ್ನೇನು? ಎರಡು ಮಾತು ಹೇಳಿಬಿಡು, ಮುದ್ರೆ ಹೇಗೂ ಇದೆ.”

ಲವೋನ್ ಬಾಯಿ ತೆರೆದಳು. ಹೇಳಲು ಎರಡಲ್ಲ, ಇಪ್ಪತ್ತು ಮಾತಿದ್ದವು. ಆದರೆ ಒಂದೂ ಒಳ್ಳೆಯ ಮಾತಲ್ಲ. ಆ ಮಾತುಗಳನ್ನು ಊರಿನ ಕಿವಿಗೆ ಮೊದಲು ಹಾಕುವುದು ಅವಳಿಗೆ ಸರಿಕಾಣಲಿಲ್ಲ.

“ಮೊದಲು ಅವನಿಗೆ ಹೇಳ್ಬೇಕು” ಎಂದಳು.

“ಹನ್ನೆರಡಕ್ಕೆ ಬಾಗಿಲು ಹಾಕ್ತೀನಿ ಕಣೇ.”

“ಹಾಕು. ಮಗ್ಗು ಇವಳಿಗೆ ಕೊಡು.”

ಇರ್ಮಾ ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದಳು. ಅಂದು ಆ ಊರಲ್ಲಿ ನಡೆದ ದೊಡ್ಡ ಪವಾಡವೆಂದರೆ ಅದೇ ಇರಬೇಕು.

ಲವೋನ್ ಕೆರೆಯ ಮೇಲೆ ನಡೆದುಕೊಂಡೇ ಹೋದಳು. ಗಾಳಿ ಕೆನ್ನೆಗೆ ಹೊಡೆದಂತೆ ಬೀಸುತ್ತಿತ್ತು. ಗುಡಿಸಲ ಬಾಗಿಲು ತೆಗೆದರೆ ಆರ್ವಿಡ್ ಇಸ್ತ್ರಿ ಅಂಗಿಯಲ್ಲಿ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು, ತೂತಿನೊಳಗೆ ಗಾಳ ಇಳಿಬಿಟ್ಟುಕೊಂಡಿದ್ದ. ಅವಳು ಅಲ್ಲಿಗೆ ಯಾವತ್ತೂ ಬಂದದ್ದೇ ಇರಲಿಲ್ಲ. ಅವನು ಗಾಬರಿಯಿಂದ ಎದ್ದು ನಿಂತ.

“ಯಾರು ಹೋದ್ರು?”

“ನಾನು. ಮೂವತ್ತೊಂದನೇ ಪುಟದಲ್ಲಿ.”

ಆರ್ವಿಡ್ ಮತ್ತೆ ಬಕೆಟ್ಟಿನ ಮೇಲೆ ಕುಸಿದ. ಅವಳ ಕೈಯಲ್ಲಿದ್ದ ಪುಸ್ತಕವನ್ನೂ ಮುಖವನ್ನೂ ನೋಡಿದ. “ಓದಿದ್ಯಾ” ಎಂದ. ಪ್ರಶ್ನೆಯಂತಿರಲಿಲ್ಲ.

“ನಾನು ಓದಿಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಾ?”

“ಮೀನಿನ ಭಾಗ ಅದ್ಭುತ ಅಂದ್ಯಲ್ಲ ಮಾರಾಯ್ತಿ.” ಅವನು ಗಾಳದ ದಾರವನ್ನು ಸುಮ್ಮನೆ ಎಳೆದು ಬಿಟ್ಟ. “ಅದಕ್ಕೂ ಮುಂಚೇನೇ ಗೊತ್ತಿತ್ತು. ಮೊದಲನೇ ಕರಡಲ್ಲಿ ಅವಳು ಕೊನೇವರೆಗೂ ಬದುಕಿದ್ಲು. ಚೆನ್ನಾಗಿದೆ ಅಂದೆ ನೀನು. ಯಾಕೋ ಅನುಮಾನ ಬಂತು. ಎರಡನೇದರಲ್ಲಿ ಕಾಯಿಲೆ ಹಾಕಿ ಮಲಗಿಸ್ದೆ. ಚೆನ್ನಾಗಿದೆ ಅಂದೆ. ಮೂರನೇದರಲ್ಲಿ ಮುಳುಗಿಸೇಬಿಟ್ಟೆ, ಡೋನಟ್ ಬೇರೆ ತಿನ್ನಿಸ್ದೆ. ಈಗಲಾದ್ರೂ ಬಂದು ಜಗಳ ಆಡ್ತಾಳೆ ಅಂದ್ಕೊಂಡೆ. ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅಂದುಬಿಟ್ಟೆ ನೀನು.”

“ಕೇಳಬಾರದಿತ್ತಾ ಬಾಯಿಬಿಟ್ಟು?”

“ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ದೆ ನೀನು. ಇದ್ದಿದ್ದೇ ಸಾಕಾಗಿತ್ತು ನಂಗೆ.”

ಲವೋನ್ ಅವನ ಎದುರಿಗೆ, ಗಾಳಕ್ಕೆ ಸಿಕ್ಕಿಸುವ ಎರೆಯ ಡಬ್ಬಿಯ ಮೇಲೆ ಕೂತಳು. ಕ್ಷಮಿಸು ಎಂದಳು. ಅವನು ತಲೆಯಾಡಿಸಿದ. ಅಷ್ಟಕ್ಕೇ ಮುಗಿಯುವ ವಿಷಯ ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆರ್ವಿಡ್ ಗಾಳ ಮೇಲೆಳೆದು ನೋಡಿದ. ಮೀನೇನೂ ಬರಲಿಲ್ಲ.

“ಸರಿ, ಹೇಗಿದೆ?” ಎಂದ ಆರ್ವಿಡ್.

ಅವನು ಹೆದರಿದ್ದ. ಎಂಥೆಂಥ ಹಿಮಗಾಳಿಯಲ್ಲೂ ಲಾರಿ ಓಡಿಸಿದ ಮನುಷ್ಯ ಮೊಣಕಾಲು ಅದುಮಿ ಹಿಡಿದುಕೊಂಡು ಕೂತಿದ್ದ. ಚೆನ್ನಾಗಿದೆ ಎನ್ನುವ ಮಾತು ಅಭ್ಯಾಸಬಲದಿಂದ ಲವೋನಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

“ಚೆನ್ನಾಗಿಲ್ಲ” ಎಂದಳು. “ಎರಡು ನಕ್ಷತ್ರ ಕೊಡಬಹುದು.”

“ಐದಿತ್ತು!”

“ಅದು ನಿನ್ನ ಹೆಂಡತಿ ಕೊಟ್ಟಿದ್ದು. ಇದು ಓದಿದೋಳು ಕೊಡ್ತಿರೋದು.”

ಆರ್ವಿಡ್ ಗಡ್ಡವಿಲ್ಲದ ಗಲ್ಲ ಕೆರೆದುಕೊಂಡ. “ಯಾವುದಕ್ಕೆ ಆ ಎರಡು?”

“ಒಂದು, ಅವಳು ಮುಳುಗೋ ಪುಟಕ್ಕೆ. ಅಂಥ ಪುಟ ನಾನು ಈ ವರ್ಷ ಎಲ್ಲೂ ಓದಿಲ್ಲ. ಇನ್ನೊಂದು, ಹಠ ಹಿಡಿದು ಬರೆದು ಮುಗಿಸಿದ್ದಕ್ಕೆ. ಅವಳು ಹೋದ ಮೇಲೆ ಕಥೇಲಿ ಜೀವಾನೇ ಇಲ್ಲ ಕಣೋ. ಆ ಮನುಷ್ಯ ಒಬ್ಬನೇ ಕೂತ್ಕೊಂಡು ನೂರೆಪ್ಪತ್ತು ಪುಟ ಬೋರು ಹೊಡೀತಾನೆ.”

“ಬೋರು ಹೊಡಿಯೋದೇ ಕಣೇ” ಎಂದ ಆರ್ವಿಡ್. “ಒಬ್ಬನೇ ಕೂತ್ರೆ ಹಾಗೇ ಇರುತ್ತೆ.”

ಅವನು ಕಾದಂಬರಿಯ ಬಗ್ಗೆ ಮಾತ್ರ ಹೇಳುತ್ತಿರಲಿಲ್ಲ.

“ಮೂರನೇ ನಕ್ಷತ್ರಕ್ಕೆ ಏನು ಮಾಡ್ಬೇಕು?” ಎಂದು ಅವನು ಕೇಳಿದ.

“ಅವಳನ್ನ ನೀರಿಂದ ಮೇಲೆತ್ತು. ಅವನನ್ನ ಬೈಕೊಂಡಾದ್ರೂ ಬದುಕ್ಲಿ.”

“ಎತ್ತಿದ್ರೆ ಓದ್ತೀಯಾ?”

ಆಗಸ್ಟ್‌ವರೆಗೆ ಜೋಡಿಸಿಟ್ಟ ಗುಡ್ಡೆ ಲವೋನಳ ಕಣ್ಣಮುಂದೆ ಬಂತು. ಆ ಇಂಜಿನ್ನೂ ಕಣ್ಣಮುಂದೆ ಬಂತು.

“ಗೊತ್ತಿಲ್ಲ” ಎಂದಳು. “ಚೆನ್ನಾಗಿದ್ರೆ ಓದ್ತೀನಿ. ಇಲ್ಲಾಂದ್ರೆ ನಡುವೇನೇ ಎಸೆದು, ಎಸೆದೆ ಅಂತ ಹೇಳ್ತೀನಿ.”

ಆರ್ವಿಡ್‌ನ ಮುಖ ಅರಳಿತು. ಊರಿಗೆ ಊರೇ ಬಂದು ಬಾಗಿಲು ಬಡಿದಾಗಲೂ ಅವನ ಮುಖ ಅಷ್ಟು ಅರಳಿರಲಿಲ್ಲ. ಬಕೆಟ್ಟನ್ನು ಅವಳ ಹತ್ತಿರಕ್ಕೆ ಸರಿಸಿಕೊಂಡು, ಕಿವಿಯ ಹಿಂದಿದ್ದ ಪೆನ್ಸಿಲು ತೆಗೆದು, “ಎಲ್ಲಿಂದ ಬೋರು ಶುರುವಾಯ್ತು, ಪುಟ ತೋರಿಸು” ಎಂದ.

ಲವೋನ್ ಕೈಗವಸು ಬಿಚ್ಚಿ, ಮೊದಲನೇ ಪುಟ ತೆಗೆದಳು.