ಮಗ್ಗದ ಮನೆಯ ತುಟಿಮಾತು

ವಿದ್ಯುತ್ ಮಗ್ಗಗಳು ಓಡುವ ಮನೆಯಲ್ಲಿ ಕಿವಿಗೆ ಕೆಲಸವಿಲ್ಲ. ಅಲ್ಲಿನ ಹೆಂಗಸರು ದನಿ ಎತ್ತದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಅತ್ತೆಯ ಕಾಟ, ಗಂಡನ ಗೊರಕೆ, ಸೂಪರ್‌ವೈಸರನ ಹೊಟ್ಟೆ, ಎಲ್ಲವೂ ಸದ್ದಿನ ನಡುವೆ ತುಟಿಯಿಂದ ಕಣ್ಣಿಗೆ ದಾಟುತ್ತಿದ್ದವು. ಗಾಜಿನ ಹಿಂದೆ ಕೂತ ಸೂಪರ್‌ವೈಸರ್ ಮಾತ್ರ, ಇವರು ಏನೋ ಜಗಿಯುತ್ತಾರೆ ಎಂದುಕೊಂಡಿದ್ದ.

ಅವರಲ್ಲಿ ಅತಿ ಬಾಯಿಬಡುಕಿ ಗುಬ್ಬಿ. ಆ ಅಡ್ಡಹೆಸರಿಟ್ಟವಳು ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ. ಒಂದು ಮಧ್ಯಾಹ್ನ ನೂಲು ತರಲು ಗೋದಾಮಿಗೆ ಹೋದ ಗುಬ್ಬಿ ಬರಿಗೈಯಲ್ಲಿ ಬಂದಳು. ಅಂದಿನಿಂದ ಅವಳ ದನಿ ಉಡುಗಿಹೋಯಿತು. ತುಟಿ ನಿಲ್ಲಲಿಲ್ಲ. ಮಗ್ಗಗಳು ನಿಂತು ಮನೆಯೆಲ್ಲ ಬಿಕೋ ಎನ್ನುವಾಗಲೂ ಅವಳ ತುಟಿಗಳು ಒಂದೇ ಮಾತನ್ನು ತಿರುತಿರುಗಿ ನೇಯುತ್ತಿದ್ದವು: ‘ಸೂಪರ್‌ವೈಸರ್ ಬಾಗಿಲು ಹಾಕ್ದ. ಬೇಡ ಅಂದೆ. ಬಿಡ್ಲಿಲ್ಲ.’

ಕಂಡವರು ಮುಖ ತಿರುಗಿಸಿ ನೂಲಿಗೆ ಬಾಗಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಸಂಜೆ ದೊಡ್ಡಕ್ಕನ ಸೊಸೆ ತಟ್ಟೆ ಇಡುತ್ತ ಕೇಳಿದಳು, “ಏನತ್ತೆ, ಒಬ್ಬರೇ ಬಾಯಾಡಿಸ್ತೀರಿ? ‘ಬೇಡ’ ಅಂತಿದೀರಲ್ಲ, ಊಟ ಬೇಡ್ವಾ?”

ದೊಡ್ಡಕ್ಕ ಬೆರಳಿಂದ ತುಟಿ ಮುಟ್ಟಿ ನೋಡಿಕೊಂಡಳು. ಬೆರಳಡಿ ಅವು ತಾವಾಗಿಯೇ ಅಲ್ಲಾಡುತ್ತಿದ್ದವು. ‘ದೇವರೇ, ಆ ಗುಬ್ಬಿ ಹೊತ್ತ ಮಾತನ್ನ ನನ್ನ ಬಾಯಲ್ಲೂ ಇಟ್ಯಾ?’ ಎಂದು ದೀಪಕ್ಕೆ ಕೈಮುಗಿದಳು.

ಮರುದಿನ ಕೆಲಸದ ನಡುವೆ ಗುಬ್ಬಿಯ ಎದುರು ನಿಂತು ತುಟಿಯಲ್ಲೇ ಕೇಳಿದಳು.

“ನಿಂಗೆ ತಲೆ ಕೆಟ್ಟಿದೆ, ಕೆಲಸದಿಂದ ಬಿಡಿಸಿ ಅಂತ ಆ ಸೂಪರ್‌ವೈಸರ್ ಮಾಲಕೀನ ಕರೆಸಿದಾನೆ. ಇವತ್ತೇ ಬರ್ತಾರೆ. ನಡೆದದ್ದು ಅವರಿಗೆ ಹೇಳ್ತೀಯಾ?”

“ದನಿ ಬರಲ್ಲ, ದೊಡ್ಡಕ್ಕ.”

“ನಾನು ದನಿ ಕೊಡ್ಲಾ? ಮಾತು ನಿಂದು ಮಗಳೇ. ನೀನು ಹೂಂ ಅನ್ನದೆ ಸತ್ರೂ ಬಾಯಿ ಬಿಡಲ್ಲ.”

ಗುಬ್ಬಿ ಓಡುವ ಲಾಳಿಯಿಂದ ಕಣ್ಣೆತ್ತಿ ಸಾಲಿನ ಹೆಂಗಸರನ್ನೆಲ್ಲ ನೋಡಿದಳು. “ನಿಮ್ಮೊಬ್ಬರ ದನಿ ಸಾಲಲ್ಲ. ಎಲ್ರೂ ಕೊಡ್ಲಿ,” ಎಂದಳು. ಮಾತು ಮಗ್ಗದಿಂದ ಮಗ್ಗಕ್ಕೆ ಹೋಯಿತು. ಒಂದೊಂದೇ ತಲೆ ಹೂಂ ಎಂದು ಆಡಿತು.

ಮಾಲಕಿ ಬಂದರು. ಸೂಪರ್‌ವೈಸರ್ ಅವರ ಕಿವಿಯ ಹತ್ತಿರ ಅರಚಿದ, “ನೋಡಿ ಮೇಡಂ, ಹೆಂಗೆ ಒಬ್ಬಳೇ ಬಾಯಾಡಿಸ್ತಾಳೆ! ಹುಚ್ಚು. ಬೇಕಾದ್ರೆ ಸದ್ದು ನಿಲ್ಲಿಸ್ತೀನಿ. ಒಂದು ಮಾತು ಆಡಿಸಿ ನೋಡೋಣ.” ತಾನೇ ಹೋಗಿ ಮೇನ್ ಸ್ವಿಚ್ ಇಳಿಸಿದ.

ಮಗ್ಗಗಳು ಏದುಸಿರು ಬಿಟ್ಟು ನಿಂತವು. ಗುಬ್ಬಿಯ ತುಟಿ ಅಲ್ಲಾಡಿತು. ಆ ಮೌನದೊಳಗಿಂದ, ಮನೆಯ ಮೂಲೆಮೂಲೆಯಿಂದ, ಮುದಿ ಗಂಟಲು ಎಳೆ ಗಂಟಲು ಎನ್ನದೆ ಒಂದೇ ಉಸಿರಿನ ಮೆಲುದನಿ ಎದ್ದಿತು.

“ಸೂಪರ್‌ವೈಸರ್ ಬಾಗಿಲು ಹಾಕ್ದ. ಬೇಡ ಅಂದೆ. ಬಿಡ್ಲಿಲ್ಲ.”

ನೆಲದಿಂದಲೇ ಬಂದಂತಿತ್ತು. ಮಾಲಕಿ ಬೆಚ್ಚಿ ಸುತ್ತ ನೋಡಿದರು. “ಯಾರು? ಯಾರು ಹೇಳಿದ್ದು?”

ಹೆಂಗಸರೆಲ್ಲ ಬಾಯಿ ಮುಚ್ಚಿದರು. ದೊಡ್ಡಕ್ಕನ ತುಟಿಯೂ ಅಲ್ಲಾಡುವುದನ್ನು ಬಿಟ್ಟು ತಣ್ಣಗಾಯಿತು. ಸೂಪರ್‌ವೈಸರ್ ಏನೋ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಬರೀ ತುಟಿ ಅಲ್ಲಾಡಿತು. ಅಷ್ಟು ಜೋಡಿ ಕಣ್ಣುಗಳು ಅದನ್ನು ಓದುತ್ತಿವೆ ಎಂದು ಅವನಿಗೆ ಆಗ ಹೊಳೆದು, ಕೈಯಿಂದ ಬಾಯಿ ಮುಚ್ಚಿಕೊಂಡ.

ಬಹುದಿನ ತೆರೆಯದ ಬಾಗಿಲಿನಂತೆ ಕಿರುಗುಟ್ಟುವ ದನಿ ಒಂದು ಬಂತು.

“ನಾನು,” ಎಂದಳು ಗುಬ್ಬಿ. “ಇನ್ನೂ ಇದೆ ಮೇಡಂ. ಕೂತ್ಕೊಂಡು ಕೇಳಿ.”

ಮಾಲಕಿ ನೂಲಿನ ಪೆಟ್ಟಿಗೆಯ ಮೇಲೆ ಕೂತರು.