ಮೇಷ್ಟ್ರು ಆರಿಸಿದ್ದ ಲೈಟು

ಅವನ ನಿಜವಾದ ಹೆಸರು ಗಿರಾಕಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಾಡಿಗಳ ವೈರಿಂಗ್ ಕೆಲಸದವನಾದ್ದರಿಂದ ಎಲ್ಲರ ಬಾಯಲ್ಲೂ ವೈರಣ್ಣ. ಹೆಸರಲ್ಲಿ ವೈರವಿದ್ದರೂ ಮನಸ್ಸಲ್ಲಿಲ್ಲ ಎಂದು ಅವನ ಹೆಂಡತಿ ತಮಾಷೆ ಮಾಡುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಕೈ ಕೆಲಸದಲ್ಲಿರುವಾಗ ನಾಲಿಗೆಗೆ ಲಗಾಮು ಇರುತ್ತಿರಲಿಲ್ಲ.

ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಒಂದೇ ತಿಂಗಳಲ್ಲಿ ಮೂರನೆಯ ಸಲ, ಭಾನುವಾರದ ರಜೆ ಕಳೆದ ಸೋಮವಾರ, ಸ್ಟಾರ್ಟ್ ಆಗದೆ ನಿಂತಾಗ ಮಾಲೀಕ ಅವನನ್ನು ಕರೆಸಿದ. ಅಂದು ವೈರಣ್ಣ ಒಂದು ಲಾರಿಯನ್ನು ಅರ್ಧ ಬಿಚ್ಚಿಟ್ಟು ಬಂದಿದ್ದ. ಕಾರಿನ ಬ್ಯಾಟರಿ ಪೂರ್ತಿ ಬರಿದಾಗಿತ್ತು. ಯಾಕೆ ಬರಿದಾಯಿತೆಂದು ಮೀಟರು ಹಚ್ಚಿ ನೋಡಬೇಕಿತ್ತು, ನೋಡಲಿಲ್ಲ. ಹೊಸ ಬ್ಯಾಟರಿ ಕೂರಿಸಿ, ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಎಸೆದ.

“ಸಂಜೆ ಯಾರೋ ಲೈಟ್ ಆರಿಸೋದು ಮರ್ತಿದ್ದಾರೆ. ವಯಸ್ಸಾದವರ ಕೈಗೆ ಗಾಡಿ ಕೊಟ್ರೆ ಇಷ್ಟೇ.”

ಆ ಕಾರು ಇದ್ದದ್ದು ಮೇಷ್ಟ್ರ ಕೈಯಲ್ಲಿ. ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದ ಮನುಷ್ಯ. ವೈರಣ್ಣನೂ ಅವರ ಶಿಷ್ಯನೇ. ಅವರು ಪಕ್ಕದಲ್ಲೇ ನಿಂತಿದ್ದರು. ಆರಿಸಿದ್ದ ನೆನಪು ಎಂದು ಮೆಲ್ಲಗೆ ಹೇಳಿದರು. ಮಾಲೀಕ ಅವರ ಮುಖವನ್ನೊಮ್ಮೆ ನೋಡಿ ಬ್ಯಾಟರಿಯ ದುಡ್ಡು ಎಣಿಸಿ ಕೊಟ್ಟ. ಆ ವಾರ ಮುಗಿಯುವಷ್ಟರಲ್ಲಿ ಮೇಷ್ಟ್ರನ್ನು ಮನೆಗೆ ಕಳಿಸಿಯಾಗಿತ್ತು. ಇವತ್ತು ಲೈಟು ಮರೆತವರು ನಾಳೆ ಬ್ರೇಕು ಮರೆತರೆ ಏನು ಗತಿ ಎಂದನಂತೆ. ಸುದ್ದಿ ಕೇಳಿ ವೈರಣ್ಣನಿಗೆ ಪಾಪ ಅನ್ನಿಸಿತು. ಆ ಪಾಪ ಊಟದ ಹೊತ್ತಿನವರೆಗೂ ಉಳಿಯಲಿಲ್ಲ.

ನಾಲ್ಕು ತಿಂಗಳ ಮೇಲೆ, ಮತ್ತೊಂದು ಸೋಮವಾರ, ಅದೇ ಕಾರು ಮತ್ತೆ ಕೈಕೊಟ್ಟಿತು. ಹೊಸ ಬ್ಯಾಟರಿ ಅಷ್ಟು ದಿನ ತಾಳಿದ್ದೇ ಹೆಚ್ಚು. ಮೇಷ್ಟ್ರ ಜಾಗಕ್ಕೆ ಬಂದಿದ್ದ ಹೆಂಗಸು ಬಲು ಶಿಸ್ತಿನವಳು. ದಿನಾ ಸಂಜೆ ಲೈಟುಗಳನ್ನೆಲ್ಲ ಆರಿಸಿ, ಫೋಟೋ ತೆಗೆದು ಮಾಲೀಕನಿಗೆ ಕಳಿಸಬೇಕೆಂಬುದು ಅವಳಿಗೆ ಹಾಕಿದ್ದ ಕಟ್ಟಳೆ. ಅವಳು ಫೋನು ತೆಗೆದು ಒಂದೊಂದೇ ಫೋಟೋ ತೋರಿಸಿದಳು. ಎಲ್ಲದರಲ್ಲೂ ಲೈಟು ಆರಿತ್ತು. ವೈರಣ್ಣ ಫೋನು ಇಸಿದುಕೊಂಡು ಮತ್ತೆ ಮೊದಲಿನಿಂದ ನೋಡಿದ.

ಕಾರನ್ನು ತನ್ನ ಶೆಡ್ಡಿಗೆ ಎಳೆಸಿಕೊಂಡು ಬಂದು ಬ್ಯಾಟರಿಯನ್ನು ಚಾರ್ಜ್ ಮಾಡಿದ. ಒಳಗಿನ ಫ್ಯೂಸುಗಳಿಗೆ ಕೈ ಹಾಕಲು ಬಾಗಿಲು ತೆರೆದೇ ಇರಬೇಕು, ಆದರೆ ಮುಚ್ಚಿದೆಯೆಂದು ಗಾಡಿ ನಂಬಬೇಕು. ಅದಕ್ಕೆ ಬಾಗಿಲ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಲಾಕ್ ಮಾಡಿದ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ ನಡುವೆ ಮೀಟರು ಸೇರಿಸಿದ. ಗಾಡಿ ನಿದ್ದೆಗೆ ಜಾರಲು ಅರ್ಧ ಗಂಟೆ ಬೇಕು. ಸ್ಟೂಲಿನ ಮೇಲೆ ಕೂತು ಕಾದ. ಮಲಗಿದ ಗಾಡಿ ಮೂವತ್ತು ನಲವತ್ತು ಮಿಲಿಆಂಪ್ ಎಳೆದರೆ ಸಹಜ. ಮೀಟರು ನಾನೂರೈವತ್ತು ತೋರಿಸುತ್ತಿತ್ತು. ಒಳಗೆ ಏನೋ ಒಂದು, ಹಗಲೂ ಇರುಳೂ ಕರೆಂಟು ಕುಡಿಯುತ್ತಿತ್ತು.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಮೀಟರು ನೋಡಿ, ಮತ್ತೆ ಹಾಕುತ್ತಾ ಹೋದ. ಹಾರ್ನು, ರೇಡಿಯೋ, ವೈಪರು, ಯಾವುದಕ್ಕೂ ಅಂಕಿ ಜಗ್ಗಲಿಲ್ಲ. ಹನ್ನೊಂದನೆಯದನ್ನು ಕಿತ್ತಾಗ ಮೂವತ್ತಕ್ಕೆ ಬಿತ್ತು. ಅದು ಗಾಡಿಯೊಳಗಿನ ಸಣ್ಣ ದೀಪಗಳ ಫ್ಯೂಸು. ಅದನ್ನು ಮತ್ತೆ ಹಾಕಿ ನೋಡಿದರೆ ಛಾವಣಿಯ ದೀಪ ಆರಿತ್ತು, ಡಿಕ್ಕಿಯದೂ ಆರಿತ್ತು. ಸ್ವಲ್ಪ ಹೊತ್ತು ಬಿಟ್ಟು, ಕಾಗದಪತ್ರ ಇಡುವ ಡ್ಯಾಶ್‌ಬೋರ್ಡಿನ ಖಾನೆಯನ್ನು ತೆರೆದು ಒಳಗಿನ ಬಲ್ಬು ಮುಟ್ಟಿದ. ಬೆರಳು ಚುರ್ರೆಂದಿತು. ಮುಚ್ಚಳ ಹಾಕಿದಾಗ ಸ್ವಿಚ್ಚನ್ನು ಒತ್ತಬೇಕಾದ ಪ್ಲಾಸ್ಟಿಕ್ ಮೊಳೆ ಮುರಿದುಹೋಗಿತ್ತು. ಮುಚ್ಚಿದ ಖಾನೆಯೊಳಗೆ ಯಾರ ಕಣ್ಣಿಗೂ ಬೀಳದೆ ದೀಪ ಉರಿಯುತ್ತಲೇ ಇತ್ತು. ಮೇಷ್ಟ್ರು ಆರಿಸಬೇಕಾದದ್ದನ್ನೆಲ್ಲ ಆರಿಸಿಯೇ ಇಳಿದಿದ್ದರು.

ಮಾಲೀಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ತಪ್ಪು ತನ್ನದೆಂದೂ ಹೇಳಿದ. ಮಾಲೀಕ ಫೋನಿನಿಂದ ತಲೆ ಎತ್ತಲಿಲ್ಲ.

“ಆಗಿದ್ದು ಆಗೋಯ್ತು ಬಿಡು. ಈಗ ಗಾಡಿ ಸರಿ ಹೋಯ್ತಲ್ಲ?”

ಮರುದಿನ ಬೆಳಿಗ್ಗೆ ವೈರಣ್ಣ ಮೇಷ್ಟ್ರ ಮನೆಗೆ ಹೋದ. ಬಾಗಿಲು ತೆರೆದವರು ಅವರ ಹೆಂಡತಿ. ಒಳಬಾಗಿಲ ಚೌಕಟ್ಟಿಗೆ ಚೀಟಿಗಳನ್ನು ಅಂಟಿಸಿತ್ತು: ನಲ್ಲಿ, ಗ್ಯಾಸು, ಬೀಗ. ಮೇಷ್ಟ್ರದೇ ದುಂಡು ಅಕ್ಷರ. ಸ್ಕೂಟರಿನ ಕೀ ಈಗ ಹೆಂಡತಿಯ ಸುಪರ್ದಿಯಲ್ಲಿತ್ತು, ಮೇಷ್ಟ್ರೇ ಕೊಟ್ಟುಬಿಟ್ಟಿದ್ದರಂತೆ. ವೈರಣ್ಣ ಮೀಟರಿನಿಂದ ಹಿಡಿದು ಬಲ್ಬಿನವರೆಗೆ ಒಂದನ್ನೂ ಬಿಡದೆ ಒಪ್ಪಿಸಿದ. ಮೇಷ್ಟ್ರು ತಲೆದೂಗುತ್ತಾ ಕೇಳಿದರು. ಆಮೇಲೆ ಅವನ ಕೈ ಹಿಡಿದುಕೊಂಡರು.

“ನೀನು ಒಳ್ಳೆಯವನು ಕಣಪ್ಪ. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದಿದ್ದೀಯ.”

“ಇಲ್ಲ ಸಾರ್, ನಿಜ ಹೇಳ್ತಿದ್ದೀನಿ. ಅವತ್ತು ನಾನು ಹೇಳಿದ್ದೇ ಸುಳ್ಳು.”

“ನನ್ನ ತಲೆ ನಂಗೆ ಗೊತ್ತಿಲ್ವಾ? ಮೊನ್ನೆ ಕನ್ನಡಕ ಎಲ್ಲಿ ಸಿಕ್ತು ಗೊತ್ತಾ? ಸಿಂಕಿನ ಕೆಳಗೆ.”

ಅವರು ನಕ್ಕರು. ಬಂದು ನೋಡಿ, ಬಲ್ಬು ತೋರಿಸುತ್ತೇನೆ ಎಂದು ವೈರಣ್ಣ ಎಷ್ಟು ಗೋಗರೆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಗೇಟಿನವರೆಗೆ ಬಂದ ಹೆಂಡತಿ ಒಳಗೆ ಕೇಳಿಸದ ಹಾಗೆ ಮಾತಾಡಿದರು.

“ಆ ಕನ್ನಡಕ ಅಲ್ಲಿಟ್ಟೋಳು ನಾನಪ್ಪ. ನೆಲ ಒರೆಸುವಾಗ ಎತ್ತಿಟ್ಟು ಮರ್ತೆ. ನನ್ನ ಕೈಲಿ ಬೈಸಿಕೊಂಡಿದ್ದು ಮಾತ್ರ ಅವರು.”

ಅದನ್ನಾದರೂ ಅವರಿಗೆ ಹೇಳಬಾರದೇ ಅಮ್ಮ ಎಂದ ವೈರಣ್ಣ.

“ಹೇಳಿದೆ. ನಂಗೂ ಇದೇ ಅಂದ್ರು, ಸಮಾಧಾನಕ್ಕೆ ಹೇಳ್ತೀಯ ಅಂತ. ನಿಮ್ಮ ಒಂದು ಮಾತು ನಂಬಿದ್ರು. ಇನ್ನು ಯಾರ ಮಾತೂ ನಂಬಲ್ಲ. ನೀವಿನ್ನು ಬರಬೇಡಿ, ಆ ಕಾರಿನ ಮಾತು ಬಂದ್ರೆ ಅವರಿಗೆ ರಾತ್ರಿ ನಿದ್ದೆ ಬರಲ್ಲ.”

ಆ ಸ್ಕೂಲಿನ ಗಾಡಿ ಇನ್ನು ಮುಟ್ಟುವುದಿಲ್ಲವೆಂದು ದಾರಿಯುದ್ದಕ್ಕೂ ತನ್ನಲ್ಲೇ ಆಣೆ ಹಾಕಿಕೊಂಡ. ಮುಂದಿನ ವಾರವೇ ಮಾಲೀಕ ಇನ್ನೆರಡು ಕಾರು ಕಳಿಸಿದ. ವೈರಣ್ಣ ಒಳಗೆ ಬಿಟ್ಟುಕೊಂಡ.

ಅದರಲ್ಲೊಂದರ ಬಾನೆಟ್ಟಿನ ಕೆಳಗಿಂದ ತಲೆ ಎತ್ತಿದಾಗ ಎದುರಿನ ಫುಟ್‌ಪಾತಿನ ಮೇಲೆ ಮೇಷ್ಟ್ರು ಕಂಡರು. ಕಾಲು ಗಟ್ಟಿಯಾಗಿಯೇ ಇದ್ದವು, ಆದರೂ ಹೆಂಡತಿಯ ತೋಳು ಹಿಡಿದಿದ್ದರು. ರಸ್ತೆ ಎರಡೂ ಕಡೆ ಖಾಲಿಯಿತ್ತು. ದಾಟಬಹುದೇ ಎಂದು ಅವರು ಹೆಂಡತಿಯ ಮುಖ ನೋಡುತ್ತಾ ನಿಂತಿದ್ದರು. ಆಕೆ ಹೂಂ ಅಂದ ಮೇಲೆ ಹೆಜ್ಜೆ ಇಟ್ಟರು.