ಕೆಡವುವ ಮುಹೂರ್ತ

ಮಹಾರಾಷ್ಟ್ರದ ಅಂಚಿನ ಪೇಟೆ ಉಮರಗಾ ಈಗ ಹೆದ್ದಾರಿಯ ಎರಡೂ ಕಡೆಯ ತೊಗರಿ ಹೊಲಗಳನ್ನು ನುಂಗುತ್ತ ಪಕ್ಕದ ಹಳ್ಳಿ ತುರೋರಿಯತ್ತ ಹೊರಟಿದೆ. ಇಲ್ಲಿ ಮನೆ ಕಟ್ಟುವವರೆಲ್ಲ ಸುತ್ತಲೂ ಜಾಗ ಬಿಡುತ್ತಾರೆ, ನಕ್ಷೆಯಲ್ಲಿ. ನಕ್ಷೆಯಲ್ಲಿ ಇಷ್ಟು ಗಾಳಿಯಾಡುವ ಊರು ಇನ್ನೊಂದಿಲ್ಲ.

ಕಾಳಿನ ವ್ಯಾಪಾರಿ ಬಸವೇಶ್ವರನ ಹೆಂಡತಿ ದಾನೇಶ್ವರಿಯ ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ. ಅದರಾಚೆಯ ಖಾಲಿ ಪ್ಲಾಟಿನಲ್ಲಿ ಖಂಡೆಪ್ಪ ದೊಡ್ಡ ಕಾಂಪ್ಲೆಕ್ಸಿಗೆಂದು ಗುಂಡಿ ತೋಡಿಸತೊಡಗಿದ, ಇವರ ಗೋಡೆಗೇ ಹಚ್ಚಿ.

"ಟ್ಯೂಬ್‌ಲೈಟ್ ಹಾಕಸ್ತೀನಿ, ಸುಮ್ಮಿರು," ಎಂದ ಗಂಡ.

"ಹಗಲ ಹೊತ್ತನ್ಯಾಗ ಲೈಟ್ ಹಚ್ಚಿ ರೊಟ್ಟಿ ಬಡೀಲಾಕ ನಾ ಏನ್ ತಳಘರದಾಗ ಇದೀನೇನ್ರೀ?"

ಆಕೆ ನಗರಪರಿಷತ್ತಿಗೆ ಅರ್ಜಿ ಕೊಟ್ಟಳು. ಬಂದ ಇಂಜಿನಿಯರ್ ಗುಂಡಿಯ ಕಡೆ ನೋಡಲೇ ಇಲ್ಲ; ಇವಳ ಗೋಡೆಯನ್ನೇ ತಟ್ಟಿದ. "ಆಧೀ ತುಮಚೀ ಭಿಂತ ಬಘಾ, ಬಾಯಿ." ಮೊದಲು ನಿಮ್ಮ ಗೋಡೆ ನೋಡಿಕೊಳ್ಳಿ, ಅದೂ ಗಡಿಯ ಮೇಲೇ ನಿಂತಿದೆ, ನಿಮ್ಮ ಕಿಟಕಿಯೇ ಕಾಯಿದೆಗೆ ವಿರುದ್ಧ ಎಂದು. ಸುಳ್ಳೇನಲ್ಲ, ಮಾವನವರು ಕಟ್ಟಿಸಿದ್ದೇ ಹಾಗೆ. ಖಂಡೆಪ್ಪ ಮೀಸೆಯಲ್ಲೇ ನಕ್ಕ.

ಅಂದು ಸಂಜೆ ದಾನೇಶ್ವರಿ ಗಂಡನಿಗೆ ಹೇಳಿದಳು: "ನಮ್ಮ ಗ್ವಾಡಿ ಕೆಡವೂಣು. ಒಂದ್ ಮೀಟರ್ ಒಳಗ ಕಟ್ಟೂಣು."

"ಹುಚ್ಚ ಹಿಡದದೇನ? ಅಡಗಿಮನಿ ಸಣ್ಣದಾಗ್ತದ."

"ಆಗ್ಲಿ. ಆಮ್ಯಾಲ ನನ್ನ ಅರ್ಜಿಗಿ ಯಾರ್ ಬೊಟ್ಟ ಮಾಡ್ತಾರ ನೋಡ್ತೀನಿ."

ಇಲ್ಲಿ ಮಠದ ಅಯ್ಯನವರನ್ನು ಕೇಳದೆ ಯಾರೂ ಇಟ್ಟಿಗೆ ಮುಟ್ಟುವುದಿಲ್ಲ. ಅಯ್ಯನವರು ಪಂಚಾಂಗವನ್ನು ಹಿಂದೆ ಮುಂದೆ ತಿರುವಿದರು. "ಕಟ್ಟೂದಕ್ಕ ಮುಹೂರ್ತ ಅದಾವವ್ವಾ. ಕೆಡವೂದಕ್ಕ ಇಲ್ಲೀತನ ಯಾರೂ ಕೇಳಿಲ್ಲ."

"ಹಂಗಾರ ಕಟ್ಟೂದೇ ಕೊಡ್ರಿ. ಕೆಡವಿ ಮತ್ತ ಕಟ್ಟೂದೇ ಅದಲ್ಲ."

ಪಾದಪೂಜೆಯಾಯಿತು, ಗೋಡೆಗೆ ಕಾಯಿ ಒಡೆದದ್ದಾಯಿತು, ಓಣಿಗೆಲ್ಲ ಹೋಳಿಗೆ ಊಟ. ಖಂಡೆಪ್ಪ ದೂರದ ನೆಂಟ, ವರಸೆಯಲ್ಲಿ ಮೈದುನ. ಬರದಿದ್ದರೆ ಮಾತು ಬರುತ್ತದೆ, ಆದ್ದರಿಂದ ಬಂದ, ಚೆನ್ನಾಗಿಯೇ ಉಂಡ.

"ವೈನಿ, ಮನಿ ಕೆಡವಿ ಊಟ ಹಾಕಿದವರನ್ನ ನಾ ಇವತ್ತೇ ನೋಡ್ದೆ."

"ಇನ್ನೊಂದ್ ಹಾಕಸ್ಕೋ ಖಂಡೆಪ್ಪ. ತೋಡಿದ್ದ ಗುಂಡಿ ಮುಚ್ಚಿ ಮತ್ತ ಅಗೀಲಾಕ ತಾಕತ್ ಬೇಕಾಗ್ತದ."

ಪಂಕ್ತಿಯೆಲ್ಲ ನಕ್ಕಿತು. ಬಸವೇಶ್ವರ ಮಾತ್ರ, ಅಪ್ಪ ಕಟ್ಟಿಸಿದ ಗೋಡೆಯ ಮೇಲೆ ಸುತ್ತಿಗೆ ಬೀಳುತ್ತಿದ್ದಾಗ, ಅಂಗಡಿಯಲ್ಲಿ ಅಳೆದ ಜೋಳವನ್ನೇ ಮತ್ತೆ ಅಳೆಯುತ್ತಿದ್ದ.

ಹೊಸ ಗೋಡೆ ಎದ್ದಿತು, ಹೊಸ ಕಿಟಕಿ ಬಂತು, ಹಿಂದೆಯೇ ಹೊಸ ಅರ್ಜಿ. ಈ ಸಲ ಇಂಜಿನಿಯರಿಗೆ ತಟ್ಟಲು ಏನೂ ಉಳಿದಿರಲಿಲ್ಲ; ಟೇಪು ಹಿಡಿದು ಗುಂಡಿಯ ಅಂಚಿಗೇ ಹೋಗಬೇಕಾಯಿತು.

"ವೈನಿ, ನೆಂಟ್ರಿದೀವಿ ನಾವು," ಎಂದ ಖಂಡೆಪ್ಪ.

"ನೆಂಟಸ್ತನ ಹಂಗೇ ಇರ್ಲಿ. ನಿನ್ನ ಗ್ವಾಡೀನೂ ಸರೀಲಿ."

ಟೇಪಿನ ಇನ್ನೊಂದು ತುದಿ ಹಿಡಿಯಲು ಖಂಡೆಪ್ಪನ ಆಳುಗಳಾರೂ ಮುಂದೆ ಬರಲಿಲ್ಲ. ದಾನೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಗಿಳಿದಳು.

"ಕೊಡ್ರಿ ಸಾಹೇಬ್ರ, ನಾ ಹಿಡೀತೀನಿ."